ಅಗಲದ ಪಟ್ಟಿ

ಸಂಘ ಹುಟ್ಟಿದ್ದು ಯಾವಾಗ ಎಂದು ಕೇಳುತ್ತಾರೆ.
ಹುಟ್ಟಿದ್ದಲ್ಲ, ಸೋರಿದ್ದು.

ದಿಗ್ದಗದ ಆಚೆ, ಓಟದ ಮರಳುಬಯಲು ಮುಗಿಯುವಲ್ಲಿ
ನನ್ನ ನೀರಿನ ಟ್ಯಾಂಕರು ತೊಟ್ಟಿಕ್ಕುತ್ತ ನಿಂತಿತ್ತು.
ನೆಕ್ಕಲು ಬಂತು ಅದು:
ಬಿಲ್ಲಿನಂಥ ಬೆನ್ನು, ಎಣಿಸಬಹುದಾದ ಪಕ್ಕೆ,
ಹಿಂಗಾಲೊಂದನ್ನು ನೆಲಕ್ಕೆ ತಾಗಿಸದೆ.
ಆ ವರ್ಷ ಸೋತ ಸಲೂಕಿ.
ಗೆದ್ದವು ಎ.ಸಿ. ಗಾಡಿಯಲ್ಲಿ ಮನೆಗೆ ಹೋಗಿದ್ದವು.

ಹಗ್ಗ ಹಾಕಿದೆ. ತಲೆ ಕೊರಳಿಗಿಂತ ಸಣ್ಣದು;
ಅಂಗಿ ಬಿಚ್ಚಿದಷ್ಟು ಸಲೀಸಾಗಿ ಕಳಚಿಕೊಂಡು
ಹತ್ತು ಹೆಜ್ಜೆ ಓಡಿ, ನಿಂತು, ತಿರುಗಿ ನೋಡಿತು.
ಓಡಲು ಕಲಿಸಿದ್ದರು. ಎಲ್ಲಿಗೆ ಎಂದು ಕಲಿಸಿರಲಿಲ್ಲ.

ಬಜಾರಿನ ದರ್ಜಿ ಮೋನಬ್ಬ, ಉಳ್ಳಾಲದವರು,
ನಾಯಿ ನೆಕ್ಕಿದರೆ ಏಳು ಸಲ ತೊಳೆಯುವವರು,
ಟೇಪು ನನ್ನತ್ತ ಎಸೆದು
"ಅಳತೆ ನೀನೇ ತೆಗಿ ಮಾರಾಯ, ಹೊಲಿಗೆ ನಂದು" ಎಂದರು.
ಉಳಿದ ಕಂದೂರ ಬಟ್ಟೆ ನಾಲ್ಕು ಪದರ, ನಾಲ್ಕು ಬೆರಳಗಲ,
ಎಳೆದರೆ ಬಿಗಿದು ಬಿಟ್ಟರೆ ಸಡಿಲುವ ಪಟ್ಟಿ.
ಕೂಲಿ ಕೇಳಲಿಲ್ಲ. ಅದೇ ಮೊದಲ ದೇಣಿಗೆ.
ರಸೀದಿ ಇಲ್ಲ.

ಆಮೇಲೆ ಮರಿವಿಕ್, ರಾತ್ರಿಪಾಳಿಯ ನರ್ಸು.
ಸುಡಾನಿನ ಪಶುವೈದ್ಯ ಇದ್ರೀಸ್: ಅರ್ಧ ಫೀಸು, ಪೂರ್ತಿ ಬೈಗುಳ.
ಕುದುರೆಮೆಂತೆ ಬೆಳೆವ ಉಮ್ಮ್ ಸುಹೈಲ್ ಗೇಟು ತೆರೆದು
"ಇವು ನಾಯಿಗಳಲ್ಲ, ಸಲೂಕಿಗಳು.
ನನ್ನಪ್ಪನ ಡೇರೆಯೊಳಗೆ ಮಲಗುತ್ತಿದ್ದವು" ಎಂದು
ಹಳೆ ಕುರಿದೊಡ್ಡಿಯ ಬೀಗದ ಕೈ ಕೊಟ್ಟಳು.

ಮೂರು ಹನ್ನೊಂದಾಯಿತು, ರಂಜಾನಿಗೆ ಇಪ್ಪತ್ತಾರು.
ಲೆಕ್ಕ ಬರೆಯಲು ಒಬ್ಬರು ಬೇಕಾಯಿತು, ಲೆಕ್ಕಕ್ಕೆ ಜಗಳ.
ಇಬ್ಬರು ಬಿಟ್ಟುಹೋದರು. ಒಬ್ಬಾಕೆ ಮರಳಿ ಬಂದಳು,
ಒಂದು ಮೂಟೆ ಅಕ್ಕಿ ಮತ್ತು ಅದೇ ಕೋಪ ಹೊತ್ತು.
ಆಗಸ್ಟಿನಲ್ಲಿ ಜನರೇಟರು ಕೈಕೊಟ್ಟ ರಾತ್ರಿ
ಮಂಜುಗಡ್ಡೆಗೆ ಆತು ಮಲಗಿದ ಎರಡು ಏಳಲಿಲ್ಲ.
ಅವುಗಳ ಪಟ್ಟಿ ಮೊಳೆಯಲ್ಲೇ ಇದೆ.
ಬೇರೆಯದಕ್ಕೆ ತೊಡಿಸಿಲ್ಲ.

ಮೊದಲಿನ ಕುಂಟನಿಗೆ ಮನೆ ಸಿಕ್ಕಿತು, ಹಿಮ ಬೀಳುವ ಯಾವುದೋ ಊರು.
ಪಾಸ್‌ಪೋರ್ಟು ಮಾಡಿಸಿದೆವು: ನೀಲಿ ರಟ್ಟು, ಫೋಟೋ,
ಬಣ್ಣದ ಜಾಗದಲ್ಲಿ "ಜೇನು".
ಏರ್‌ಪೋರ್ಟಿಗೆ ನಾನೇ ಒಯ್ದೆ.
ಕೌಂಟರಿನವನು ಪುಟ ತಿರುವುವಾಗ
ನನ್ನದು ನೆನಪಾಯಿತು, ಕಂಪನಿಯ ಕಪಾಟಿನೊಳಗೆ,
ನಾಲ್ಕು ವರ್ಷದಿಂದ ನಾನೇ ಮುಟ್ಟದ್ದು.
ಹೊಟ್ಟೆಕಿಚ್ಚು ಎನ್ನಲಾರೆ.
ಸ್ವಲ್ಪ.

ಟ್ಯಾಂಕರಿನ ಸೋರಿಕೆ ಮುಚ್ಚಲಾ ಎಂದು
ಮೆಕ್ಯಾನಿಕ್ಕು ಎರಡು ಸಲ ಕೇಳಿದ.
ಇರಲಿ ಬಿಡು ಎಂದೆ.

ಮೋನಬ್ಬ ಈಗ ಅಳತೆ ತಾವೇ ತೆಗೆಯುತ್ತಾರೆ.
ಏಳು ಸಲ ತೊಳೆದು,
ಮತ್ತೆ ಮುಟ್ಟುತ್ತಾರೆ.