ಹನ್ನೆರಡು ಮೀಟರು ಬಯಲು

ಡಾಂಕಾಸ್ಟರಿನಲ್ಲಿ ಡಿಸೆಂಬರಿಗೆ ನಾಲ್ಕಕ್ಕೇ ಕತ್ತಲು.
ನೈಟ್ ಶಿಫ್ಟಿಗೆ ಇನ್ನೂ ಮೂರು ಗಂಟೆ.
ಪಕ್ಕದ ಮನೆಯ ಕೀತ್ ಆಪಲ್‌ಯಾರ್ಡ್ ಗೋಡೆ ಬಡಿಯುತ್ತಾನೆ,
ಎರಡು ಸಲ. ಅಂದರೆ: ಮತ್ತೆ ರೈಲು ಬಿತ್ತು, ಬಾ.

ಹಿಂದಿನ ಕೋಣೆಯಲ್ಲಿ ಹಳೇ ಕಂಪ್ಯೂಟರು,
ಮೆಟ್ಟಿಲು ಹತ್ತಿ ಬಂದವರ ಹಾಗೆ ಏದುಸಿರು ಬಿಡುವಂಥದ್ದು.
ಅದರೊಳಗೆ ಅವನು ಕೂಡಿಸಿದ ಒಂದು ಕವಲು ದಾರಿ:
ಅವನ ಬಾಲ್ಯದಲ್ಲೇ ಕಿತ್ತು ಗುಜರಿಗೆ ಹಾಕಿದ
ಒಂಬತ್ತು ಮೈಲಿ, ಮೂರು ಸ್ಟೇಷನ್ನು, ಒಂದು ಸೇತುವೆ.
ಯಾರ್ಯಾರೋ ಮಾಡಿಟ್ಟ ಹಳಿತುಂಡುಗಳನ್ನು ಇಳಿಸಿಕೊಂಡು
ಮಕ್ಕಳು ಬಳೆಚೂರು ಜೋಡಿಸುವ ಹಾಗೆ ಜೋಡಿಸಿದ್ದ.
ಹೊಸ ಡಿಸ್ಕಿಗೆ ದಾಟಿಸುವಾಗ ನಲವತ್ತು ಚೂರು ಎಲ್ಲೋ ಉದುರಿದವು.

ಅವನು ಗಾಜಿನ ಕಾರ್ಖಾನೆಯಲ್ಲಿದ್ದವನು.
ರೈಲ್ವೆಯವಳು ನಾನೇ, ಒಂದು ರೀತಿಯಲ್ಲಿ:
ಅರಸೀಕೆರೆಯ ಕ್ವಾರ್ಟರ್ಸು, ಅವ್ವ ಗ್ಯಾಂಗಿನಲ್ಲಿ,
ಹೆಗಲ ಮೇಲೆ ಸುತ್ತಿಗೆ, ದಿನಕ್ಕೆ ಆರು ಕಿಲೋಮೀಟರು
ಚಾವಿ ಬಡಿಯುತ್ತ ನಡೆದವಳು.
ಬಾಯಿ ತಪ್ಪಿ ಅದನ್ನು ಹೇಳಿದ್ದಕ್ಕೆ
ಈಗ ನಾನು ಕೀತನ ಚೀಫ್ ಎಂಜಿನಿಯರು.

ಕಲಿತದ್ದು ಇಷ್ಟು. ಹಳಿ ಕಾಣೆಯಾಗುವುದರಲ್ಲಿ ಎರಡು ಬಗೆ.
ಕಣ್ಣಿಗೆ ಹಳಿಯಿದೆ, ಜಲ್ಲಿಯಿದೆ, ಸ್ಲೀಪರಿನ ಮೇಲೆ ಎಣ್ಣೆಯ ಕಲೆ ಕೂಡ;
ಆಟದ ದಫ್ತರದಲ್ಲಿ ಮಾತ್ರ ಅದರ ಹೆಸರಿಲ್ಲ.
ಎಂಜಿನ್ನು ಅಲ್ಲಿಗೆ ಬಂದು ಗಕ್ಕನೆ ನಿಂತು, ವಾಲಿ, ಮಾಯ.
ಇನ್ನೊಂದು: ಹೆಸರಿದೆ, ಉದ್ದವಿದೆ, ತಿರುವಿನ ಡಿಗ್ರಿಯಿದೆ,
ಕಣ್ಣಿಗೆ ಬರೀ ಹುಲ್ಲು.
ರೈಲು ಅದರ ಮೇಲೆ ಏನೂ ಆಗದ ಹಾಗೆ ಹೋಗುತ್ತದೆ,
ಚಕ್ರದ ಟಕಟಕ ಕೂಡ ತಪ್ಪುವುದಿಲ್ಲ.

ಕೀತನಿಗೆ ಎರಡನೆಯದರ ಮೇಲೆ ಸಿಟ್ಟು. ನೋಡೋಕೆ ಅಸಹ್ಯ, ಅನ್ನುತ್ತಾನೆ.
ನನಗೆ ಮೊದಲನೆಯದು.
ಮೂರು ವರ್ಷ ಒಂದು ಕಾಗದಕ್ಕೆ ಕಾದವಳು, ಹೆಚ್ಚು ಹೇಳುವುದಿಲ್ಲ.

ಇವತ್ತಿನದು ಎರಡೂ ಅಲ್ಲ.
ಸೇತುವೆ ದಾಟಿದ ಮೇಲೆ ಹನ್ನೆರಡು ಮೀಟರು
ಹಳಿಯೂ ಇಲ್ಲ, ಹೆಸರೂ ಇಲ್ಲ, ಬಯಲು.
ಬೇಕಾದದ್ದು ಎಡಕ್ಕೆ ಬಾಗಿದ ತುಂಡು, ಉಳಿದಿರುವುದು ಬಲಕ್ಕೆ.
ತುದಿ ಹಿಡಿದು ತಿರುಗಿಸಿದೆ:
ಆಚೆಯಿಂದ ಬರುವವರಿಗೆ ಬಲವೇ ಎಡವಲ್ಲವೇ?
ಕೂತಿತು. ಒಂದು ಗೇಣು ಸಾಲದೆ ಹೋಯಿತು.
ಒಂದು ಗೇಣಿನ ಹಳಿ ಯಾರೂ ಮಾಡಿಟ್ಟಿಲ್ಲ.

ಅವ್ವನಿಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಹತ್ತು, ಧಾರಾವಾಹಿ ಮುಗಿದ ಹೊತ್ತು.
ಕ್ಯಾಮೆರಾ ಪರದೆಗೆ ಹಿಡಿದೆ. ಕನ್ನಡಕ ಹುಡುಕಿ ತಂದು ನೋಡಿದಳು.
‘ಬಾವುಟ ಎಲ್ಲಿ?’
‘ಯಾವ ಬಾವುಟ?’
‘ಹಳಿ ಬಿಚ್ಚಿದ ಮೇಲೆ ಮೊದ್ಲು ಕೆಂಪು ಬಾವುಟ ನೆಡಬೇಕು,
ಆಮೇಲೆ ಕೈ ಹಾಕಬೇಕು. ಇಷ್ಟು ದಿನ ಹಂಗೇ ಮಾಡ್ತಿದ್ರಾ?’
‘ಅವ್ವಾ, ಇದು ಆಟ.’
‘ಡಬ್ಬೀಲಿ ಜನ ಕಾಣ್ತಾರಲ್ಲೇ.’

ಇದ್ದರು. ಕೀತನೇ ಕೂರಿಸಿದ್ದ: ಟೋಪಿಯ ಗಂಡಸು, ನೀಲಿ ಕೋಟಿನ ಹೆಂಗಸು,
ಪ್ರತಿ ಕಿಟಕಿಗೂ ಅವರಿಬ್ಬರೇ.

ಅವಳ ಮಾತನ್ನು ಇಂಗ್ಲಿಷಿಗಿಳಿಸಿದೆ. ನಗುತ್ತಾನೆ ಅಂದುಕೊಂಡಿದ್ದೆ.
ಅವನು ಗಂಭೀರವಾಗಿ ಸಾಮಾನಿನ ಪಟ್ಟಿ ತಡಕಿದ.
ಬಾವುಟ ಸಿಗಲಿಲ್ಲ, ಕೆಂಪು ಅಂಚೆಪೆಟ್ಟಿಗೆ ಸಿಕ್ಕಿತು,
ಅದನ್ನೇ ಹಳಿಯ ನಟ್ಟನಡುವೆ ನೆಟ್ಟ.
‘ಆಗ್ತದೆ,’ ಅಂದಳು ಅವ್ವ, ‘ಕೆಂಪು ತಾನೆ.’

ಏಳರ ಬಸ್ಸಿಗೆ ಹೊರಟಾಗ ಗೇಣು ಹಾಗೇ ಇತ್ತು.
ರೈಲು ಅಂಚೆಪೆಟ್ಟಿಗೆಯ ಮುಂದೆ ನಿಂತು ಆವಿ ಬಿಡುತ್ತಿತ್ತು,
ಟೋಪಿಯವನೂ ನೀಲಿ ಕೋಟಿನವಳೂ
ಎಲ್ಲ ಕಿಟಕಿಗಳಲ್ಲೂ ಕಾಯುತ್ತ.