ವೆಲ್ಡನ್‌ಕೋಟ್‌ನಲ್ಲಿ ಬಾವಲಿ ಎಣಿಕೆ

ರಾತ್ರಿ ಒಂಬತ್ತೂವರೆ, ಇನ್ನೂ ಬೆಳಕು.
ಇಂಗ್ಲೆಂಡಿನ ಜೂನಿಗೆ ಮಲಗುವ ಅವಸರವಿಲ್ಲ.
ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ,
ಮುಷ್ಟಿಯೊಳಗೆ ಒತ್ತಿದರೆ ಟಕ್ ಎನ್ನುವ ಲೆಕ್ಕದ ಗುಂಡಿ.
ಗಂಟೆಗೆ ಹದಿನಾಲ್ಕು ಪೌಂಡು.
ಕೊಡುವವರು ರೈಲಿನವರೇ.

ಎದುರಿಗೆ ಕುದುರೆಲಾಯ, ಅದರ ನೆತ್ತಿಯ ಮೇಲೆ ಗಡಿಯಾರ.
ನಾಲ್ಕು ಹತ್ತಕ್ಕೆ ನಿಂತುಬಿಟ್ಟಿದೆ,
ಕೀಲಿ ಕೊಡುತ್ತಿದ್ದ ಆಂಬ್ರೋಸ್ ಪೆನ್‌ಫೋಲ್ಡನ
ಮಂಡಿ ಸೋತಂದಿನಿಂದ.
ಹಲ್ಲಿನ ಚಕ್ರಗಳ ಹಿಂದೆ, ಹೆಂಚಿನ ಸಂದಿಯಲ್ಲಿ,
ಹೆಬ್ಬೆರಳುದ್ದದ ತಾಯಂದಿರು
ಹುಣಸೆಬೀಜದಷ್ಟು ಮರಿಗಳನ್ನು ಅವುಚಿಕೊಂಡು
ತಲೆಕೆಳಗಾಗಿ ಸಂಸಾರ ಮಾಡುತ್ತಾರೆ.
ಹೋದ ವರ್ಷ ಇನ್ನೂರ ಹನ್ನೆರಡು.

ಆಂಬ್ರೋಸ್ ಕೋಲೂರಿ ಬಂದು ಪಕ್ಕದಲ್ಲಿ ನಿಂತ.
‘ಆ ಕಂದಕ ನೋಡಿದೆಯಾ?
ಹಾ-ಹಾ ಅಂತ ಅದರ ಹೆಸರು.
ದೊರೆಯ ಕಿಟಕಿಗೆ ಬೇಲಿ ಕಾಣಬಾರದು,
ದನವೂ ಒಳಗೆ ಬರಬಾರದು,
ಅದಕ್ಕೆ ಗೋಡೆಯನ್ನೇ ನೆಲದೊಳಗೆ ಹೂತರು.’
ಹೂತದ್ದು ಗೋಡೆ ಮಾತ್ರವಲ್ಲ.
ಆಚೆ ಹನ್ನೊಂದು ಮನೆಗಳ ಊರಿತ್ತಂತೆ.
ಒಲೆಯ ಹೊಗೆ ನೋಟಕ್ಕೆ ಅಡ್ಡಬಂತೆಂದು
ಒಂದೇ ಚಳಿಗಾಲದಲ್ಲಿ ಎತ್ತಿಸಿದರು.
ಚರ್ಚು ಒಂದೇ ಉಳಿಯಿತು,
ಊರಿಲ್ಲದ ಊರಬಾಗಿಲಿನ ಹಾಗೆ.
ಮಳೆ ತಪ್ಪಿದ ಬೇಸಿಗೆಯಲ್ಲಿ ಹುಲ್ಲು ಒಣಗಿ
ಆ ಅಡಿಪಾಯಗಳು ಮೇಲೇಳುತ್ತವೆ:
ಇದು ಅಡುಗೆಮನೆ, ಇದು ಹೊಸ್ತಿಲು,
ಹಳದಿ ಗೆರೆಯಲ್ಲಿ ಬರೆದಿಟ್ಟಂತೆ.

ಅದೇ ಜಾಗಕ್ಕೆ ಈಗ ಮುನ್ನೂರ ಎಂಬತ್ತು ಮನೆ.
‘ಈ ಸಲ ಊರು ದೊರೆಯನ್ನು ಎಬ್ಬಿಸಿತು’ ಎಂದು ನಕ್ಕ ಆಂಬ್ರೋಸ್.
ನಾನೂ ನಕ್ಕೆ, ಸ್ವಲ್ಪ ತಡವಾಗಿ.
ಅವನಿಗೆ ಹೇಳಿಲ್ಲ,
ನಲವತ್ತೊಂದನೆಯ ಮನೆಗೆ ಮುಂಗಡ ಕಟ್ಟಿದವಳು ನಾನೇ ಎಂದು.
ಮೀನು ಕರಿಯುವ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ
ಒಂಬತ್ತು ವರ್ಷ ಮಗಳೂ ನಾನೂ;
ಶಾಲೆಯಲ್ಲಿ ಅವಳ ಕೂದಲು ಮೂಸಿ ನೋಡುತ್ತಾರೆ.
ಟ್ಯಾಮ್ಸಿನ್ ತನ್ನ ಗೋಡೆಗೆ ಬಣ್ಣ ಆರಿಸಿಯಾಗಿದೆ.

ಹತ್ತು ಗಂಟೆ. ಮೊದಲನೆಯದು ಬಿತ್ತು,
ಹಾರಿತೆನ್ನಲಾಗದು, ಬಿದ್ದು ಆಮೇಲೆ ಹಾರಿತು.
ಟಕ್. ಟಕ್ ಟಕ್.
ಮುನ್ನೂರು ವರ್ಷದ ಲಿಂಡನ್ ಮರಗಳ ಸಾಲೇ ಅವುಗಳ ಬೀದಿ,
ಕೆರೆಯವರೆಗೂ ಕತ್ತಲೆಯ ಚಪ್ಪರ.
ನಡುವೆ ನಲವತ್ತು ಮೀಟರು ಕಡಿದು ಹಳಿ ಹಾಸಿದ್ದಾರೆ.
ಬದಲಿಗೆ ಕಟ್ಟಿಕೊಟ್ಟ ಹಸಿರು ಸೇತುವೆ
ಅರ್ಧ ಮೈಲಿ ಆಚೆ, ಫಲಕ ಸಮೇತ.
ಬಾವಲಿಗಳು ಫಲಕ ಓದುವುದಿಲ್ಲ.
ಮರ ಮುಗಿದಲ್ಲಿ ಬಂದು ಗಿರಕಿ ಹೊಡೆಯುತ್ತವೆ,
ಕೆಲವು ಹಿಂದಿರುಗುತ್ತವೆ.
ಕೆಲವು ಮಾತ್ರ ಹಳೆಯ ನೆನಪಿನ ಜಾಡು ಹಿಡಿದು
ಇಲ್ಲದ ಮರಗಳ ಎತ್ತರದಲ್ಲೇ ಮುಂದೆ ಸಾಗುತ್ತವೆ.
ಅದೇ ರೈಲಿನ ಕಿಟಕಿಯ ಎತ್ತರ.

ಮಾದರಿ ಮನೆಯ ಮುಂದಿನ ದೀಪ ತಾನಾಗಿ ಹೊತ್ತಿತು.
ನಾಲ್ಕೈದು ನೆರಳು ಬೆಚ್ಚಿ ತಿರುಗಿದವು.
ಅದನ್ನು ಆರಿಸಿರೆಂದು ಬರೆಯಬೇಕು ವರದಿಯಲ್ಲಿ.
ಬರೆಯುತ್ತೇನೆ.
ಚಳಿಗಾಲದ ಸಂಜೆ ಆ ದಾರಿಯಲ್ಲಿ
ಮಗಳು ಒಬ್ಬಳೇ ನಡೆದು ಬರುವಾಗ
ದೀಪ ಏಕಿಲ್ಲವೆಂದು ಕೇಳುವವಳೂ ನಾನೇ.

ಅರವತ್ತಮೂರು.
ಚಹಾ ಆರಿಹೋಗಿದೆ, ಆಂಬ್ರೋಸ್ ಯಾವಾಗಲೋ ಹೋಗಿದ್ದಾನೆ.
ಪರೀಕ್ಷೆಯ ಖಾಲಿ ರೈಲೊಂದು
ಎಲ್ಲ ಬೋಗಿಗಳಲ್ಲೂ ಬೆಳಕು ತುಂಬಿಕೊಂಡು
ಯಾರೂ ಇಲ್ಲದೆ ಹಾದುಹೋಯಿತು.
ಅದರ ಗಾಳಿ ಅಡಗುವ ಮೊದಲೇ
ಏನೋ ಒಂದು ಆಚೆಗೆ ದಾಟಿದ ಹಾಗಿತ್ತು.
ಗುಂಡಿ ಒತ್ತಿದೆನೋ ಇಲ್ಲವೋ,
ಬೆರಳಿಗೂ ನೆನಪಿಲ್ಲ.