ಖೋಲಿಯ ಹೆಸರು ಹೇಳ್ರಿ

ಸಿಮೆಂಟ್ ಕಂಪನಿಯ ಡೀಲರ್ ಸ್ಕೀಮಿನಾಗ ಮೂರು ಬಂದಿದ್ದವು,
ಬೆಲ್ಲದಚ್ಚಿನಷ್ಟು ಗಾತ್ರ, ಬೂದಿ ಬಣ್ಣದ ಅರಿವಿ ಹೊದ್ದು.
ಆಳಂದ ರೋಡಿನ ಮಹಾಂತಪ್ಪ ಸಾವಕಾರ್ರು ಫೋನ್ ಹಚ್ಚಿ
"ಮಶಾಕ್, ಮನೀಗಿ ಬಾ, ಮಾತಾಡೋ ಡಬ್ಬಿ ಕೂಡಿಸಬೇಕು" ಅಂದ್ರು.
ನಾ ಫ್ಯಾನ್ ಕೂಡಿಸಾಂವ, ಸುಟ್ಟ ಮೋಟರ್ ಸುತ್ತಾಂವ.
ಮಾತಿನ ವೈರಿಂಗ್ ಇದೇ ಮೊದಲು.

ಮೊಬೈಲ್ ಕೇಳ್ತು: ಈ ಖೋಲಿಯ ಹೆಸರೇನು?
ಕೆಳಗ ತಾನೇ ಪಟ್ಟಿ ಕೊಟ್ಟಿತ್ತು:
ಕಿಚನ್, ಬೆಡ್‌ರೂಮ್, ಲಿವಿಂಗ್ ರೂಮ್.
ಸಾವಕಾರ್ರ ಮನ್ಯಾಗ ಅವ್ಯಾವೂ ಇಲ್ಲ.
ಪಡಸಾಲಿ ಅದ, ಅಡಗಿಮನಿ ಅದ, ಜ್ವಾಳದ ಖೋಲಿ ಅದ.
ಜ್ವಾಳದ ಖೋಲ್ಯಾಗ ಜ್ವಾಳ ಇಲ್ಲ,
ಇಸ್ತ್ರಿ ಟೇಬಲ್ಲು, ಸುಗಲಾಬಾಯಿಯ ಹೊಲಿಗಿ ಮಿಷನ್ನು,
ಗ್ವಾಡಿಗಿ ಇನ್ನೂ ಚೀಲ ಒರಗಿದ ಕಲೆ.
ಪಡಸಾಲಿಗಿ 'ಲಿವಿಂಗ್' ಅಂತ ಒತ್ತಿದೆ.
ಇಂಗ್ಲಿಷಿನಾಗ ಬದುಕೋದಕ್ಕ ಒಂದೇ ಖೋಲಿ.

"ಕಿಚನ್ ಕು ಬೋಲೋ" ಅಂದೆ.
ತಿಳೀಲಿಲ್ಲ ಅಂತು.
ನಮ್ಮಪ್ಪ ಬೈದ ಭಾಷಾ, ನಮ್ಮವ್ವ ಮಲಗಿಸಿದ ಭಾಷಾ,
ಸೂಪರ್ ಮಾರ್ಕೆಟಿನಾಗ ಲಿಂಬಿಕಾಯಿ ಮಾರೋ ಭಾಷಾ.
'ಕು' ತೆಗೆದು 'ಕೋ' ಹಾಕ್ದೆ, ದಿಲ್ಲಿಯವನಂಗ.
ನೀಲಿ ದೀಪ ಗರ್ರನೆ ತಿರುಗಿತು.

ಬಾಗಲದಾಗ ಭೌರಮ್ಮ, ಹಿತ್ತಲ ಕಟ್ಟಿಮ್ಯಾಗ ಸುಗಲಾಬಾಯಿ,
ಇಬ್ಬರೂ ನೆಗೆಣ್ಣಿ. ಮಾತು ಬಿಟ್ಟು ಒಂಬತ್ತು ವರ್ಷ.
ಸುಗಲಾಬಾಯಿ ತಮ್ಮನ ಲಗ್ನದಾಗ ಆಹೇರಿ ಸೀರಿ ಕೊಟ್ಟಿದ್ರಂತ,
ಬಿಚ್ಚಿ ಬೆಳಕಿಗಿ ಹಿಡಿದು ಭೌರಮ್ಮ ಅಂದಿದ್ರಂತ,
"ಚಲೋ ಅದ, ಹಾಲು ಸೋಸಲಾಕ ಬರ್ತದ."

ಅವತ್ತಿನಿಂದ ಗ್ವಾಡಿಗಿ ಹೇಳೋದು, ನೆಗೆಣ್ಣಿಗಿ ಕೇಳಿಸೋದು.
"ಬ್ಯಾಳಿಗಿ ಉಪ್ಪು ಕಮ್ಮಿ ಆಗ್ಯಾದ ಅನ್ಲಾಕತ್ತಾರ ಯಾರೋ."
"ಉಂಡ್ರ ಉಣ್ಲಿ, ಬಿಟ್ರ ಬಿಡ್ಲಿ ಯಾರೋ."
ಈಗ ಗ್ವಾಡಿಗಿ ಕಿವಿ ಬಂತು, ಬಾಯಿ ಬಂತು.
ಇಲ್ಲಿ ಅಂದಿದ್ದು ಅಲ್ಲಿ, ಅಂದವರ ದನಿಯೊಳಗೇ.

ತಿಂಗಳು ಬಿಟ್ಟು ಸ್ವಿಚ್ ಬೋರ್ಡಿಗಿ ಹೋದಾಗ ಕೇಳಿದೆ.
"ಕಿಚನ್ ಕೋ ಬೋಲೋ:
ಶೇಂಗಾ ಹುರ್ದದ್ದು, ಡಬ್ಬ್ಯಾಗ, ಇಟ್ಟೀನಿ."
ಒಂದೊಂದು ಮಾತು ಬಿಡಿಸಿ, ಕೂಸಿಗಿ ತಿನಿಸಿದಂಗ.
ಸಿಟ್ಟಿಲೆ ಗಡಗಡ ಅಂದ್ರ ಅದಕ್ಕ ತಿಳಿಯಂಗಿಲ್ಲ ನೋಡ್ರಿ,
ಮೊದಲು ಹೆಸರು ಹಿಡಿದು ಕರೀಬೇಕು, ದೀಪ ಹತ್ತೋತನ ತಡೀಬೇಕು,
ಅಷ್ಟರಾಗ ಸಿಟ್ಟು ಅರ್ಧ ಆರಿರ್ತದ.
ಒಮ್ಮೆ ಭೌರಮ್ಮ ಅಂದ ಮಾತು ತಪ್ಪಿ ಮೂರೂ ಖೋಲಿಗಿ ಹೋಯ್ತಂತ:
"ನಿನ್ನೆ ಪಲ್ಯ ಅಡ್ಡಿಯಿಲ್ಲ, ಚಲೋ ಆಗಿತ್ತು."
ಗಂಡಸರು ಪಡಸಾಲ್ಯಾಗ ತಲಿ ಎತ್ತಲಿಲ್ಲ.

ಮೇ ತಿಂಗಳು. ನಲವತ್ತನಾಲ್ಕು ಬಿಸಿಲು.
ರಿಮ್ ಮುಟ್ಟಿದ್ರ ಕೈ ಸುಡೋ ಹೊತ್ತಿನಾಗ ಫೋನು:
ಅಡಗಿಮನಿ ಡಬ್ಬಿ ಸತ್ತದ, ಜಲ್ದಿ ಬಾ.
ಹೋದೆ. ಪ್ಲಗ್ ಕಿತ್ತಿತ್ತು.
ವೈರು ಸುತ್ತಿ, ಮ್ಯಾಲ ರಬ್ಬರ್ ಹಾಕಿ ಇಟ್ಟಿತ್ತು.
"ಯಾರು ಕಿತ್ತಿದ್ದು?" ಅಂದೆ.
"ಇಲಿ" ಅಂದ್ರು ಇಬ್ಬರೂ, ಒಂದೇ ಉಸಿರಿಗಿ.
ಅಂದು, ಒಬ್ಬರ ಮಾರಿ ಒಬ್ಬರು ನೋಡಿ
ಒಬ್ಬಾಕಿ ಒಲಿ ಕಡಿ, ಒಬ್ಬಾಕಿ ಕೊಡದ ಕಡಿ ತಿರುಗಿದ್ರು.

ಕಲಬುರಗಿ ಇಲಿ ಜಾಣ ಇರಬೇಕು,
ಮೂರು ಕಾಲಿನ ಪ್ಲಗ್ ಕಿತ್ತು ವೈರು ಮಡಚ್ತದ.
ಒಗ್ಗರಣಿ ಸಿಡೀಬಾರದಂತ ಡಬ್ಬಿಗಿ ಅರಿವಿ ಹೊದಿಸಿದ್ರು.
ತೆಳ್ಳಗ, ಗಿಳಿಹಸಿರು, ಸಣ್ಣ ಜರಿ ಅಂಚು,
ಒಂದು ಮಗ್ಗಲ ಮಿಷನ್ನಿನ ನೆಟ್ಟಗ ಹೊಲಿಗಿ.
ಕತ್ತರಿಸಿದ್ದು ಒಬ್ಬಾಕಿ ಟ್ರಂಕಿನಾಗಿಂದು,
ಹೊಲಿಗಿ ಹಾಕಿದ್ದು ಇನ್ನೊಬ್ಬಾಕಿ.
ನಾ ಕೇಳಲಿಲ್ಲ.

"ಹಚ್ಲೇನ್ರಿ ಪ್ಲಗ್?"
"ಇರ್ಲಿ ಬಿಡೋ, ಬಿಸಿಲು ಭಾಳ ಅದ, ಅದಕ್ಕೂ ದಣಿವು."
ಚಾ ಕೊಟ್ರು. ಸಕ್ಕರಿ ಎರಡು ಸಲ ಬಿದ್ದಿತ್ತು.
ಎರಡ್ನೂರು ಚಾರ್ಜ್ ತಗೊಂಡೆ,
ಏನೂ ರಿಪೇರಿ ಮಾಡಿರಲಿಲ್ಲ.